ದ್ವಾದಶಿಯ ಬೆಳಿಗ್ಗೆ ಕಂಡ ರಕ್ತ

ನಮ್ಮ ಯಜಮಾನರಿಗೆ ಏಕಾದಶಿ ಎಂದರೆ ನೀರೂ ಇಲ್ಲ. ಉಪನಯನವಾದಂದಿನಿಂದ ಹಿಡಿದ ವ್ರತ. ಅಂಥ ದಿನವೂ ಡೊಂಬಿವಲಿಯಿಂದ ಠಾಣೆಯ ವಾಗ್ಳೆ ಎಸ್ಟೇಟಿನ ಕಚೇರಿಗೆ ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಹೋಗಿ, ದಿನವಿಡೀ ಲೆಕ್ಕ ಬರೆದು, ತಲೆಸಿಡಿತ ಹೊತ್ತು ಮನೆಗೆ ಬರುತ್ತಿದ್ದರು. ಬೇಡವೆಂದು ಹೇಳಿ ಹೇಳಿ ನನಗೇ ಸಾಕಾಗಿತ್ತು.

ಆ ಸಲ ದ್ವಾದಶಿ ಬೆಳಗಾಗುತ್ತಲೇ ಮುಗಿಯುವುದಿತ್ತು. ಅಷ್ಟರೊಳಗೆ ಉಂಡು ಪಾರಣೆಯಾಗಬೇಕು. ಕತ್ತಲೆಯಲ್ಲೇ ಎದ್ದು ಅನ್ನ, ಪುನರ್ಪುಳಿ ಹಣ್ಣಿನ ಕೆಂಪು ಸಾರು ಮಾಡಿ ಬಡಿಸಿದೆ. ಹಿಂದಿನ ದಿನದ ತಲೆನೋವು ಇಳಿದಿರಲಿಲ್ಲ. ಆದರೂ ಗಡಿಯಾರ ನೋಡುತ್ತ ಗಬಗಬನೆ ಉಂಡರು. ಕೈ ತೊಳೆಯುವಷ್ಟರಲ್ಲಿ ಎಲ್ಲ ವಾಂತಿಯಾಯಿತು. ಹೊಟ್ಟೆ ಖಾಲಿಯಾದರೂ ಓಕರಿಕೆ ನಿಲ್ಲಲಿಲ್ಲ. ಬೆನ್ನು ನೀವುತ್ತ ನಿಂತ ನನ್ನ ಅಂಗೈಗೆ ಅವರ ಪಕ್ಕೆಲುಬು ಬಡಿಯುತ್ತಿತ್ತು. ಕೊನೆಗೆ ಬೇಸಿನ್ನಿನಲ್ಲಿ ಕೆಂಪು ಕಾಣಿಸಿತು.

"ಇದೆಂತದ್ದು?" ಎಂದೆ.

"ಪುನರ್ಪುಳಿ ಮಾರಾಯ್ತಿ. ನೀನೇ ಬಡಿಸಿದ್ದಲ್ವಾ?" ಎಂದು ಬಾಯಿ ಮುಕ್ಕಳಿಸಿ ಅಂಗಿ ತೊಟ್ಟರು. ನಾನೂ ಹೌದೆಂದುಕೊಂಡೆ.

ಹಲ್ಲುಜ್ಜಲು ಬಂದ ಮಗಳು ಬೇಸಿನ್ ನೋಡಿ ಬ್ರಷ್ ಹಿಡಿದೇ ನಿಂತಳು. ಇಲ್ಲೇ ಹುಟ್ಟಿ ಬೆಳೆದವಳು, ನಾವು ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. "ಪಪ್ಪಾ, ಯೇ ಸಾರು ನಹೀ ಹೈ. ಖೂನ್ ಹೈ." ಸಾರಲ್ಲ, ರಕ್ತ ಎಂದು.

"ನಿಂಗೆಂತ ಗೊತ್ತುಂಟು? ನಂಗೆ ಗಾಡಿ ತಪ್ತದೆ," ಎನ್ನುತ್ತಲೇ ಅವರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಸಿದು ಕುಳಿತರು. ಮತ್ತೆ ವಾಂತಿ. ಈ ಸಲ ಅದರಲ್ಲಿ ಗಡ್ಡೆಗಳಿದ್ದವು. ಸಾರು ಹೆಪ್ಪುಗಟ್ಟುವುದುಂಟೇ?

ಅಂದು ಲಿಫ್ಟ್ ನಡೆಯುತ್ತಿತ್ತು, ಕೆಳಗಿಳಿದ ಕೂಡಲೇ ರಿಕ್ಷಾ ಸಿಕ್ಕಿತು. ದೇವರು ಅಷ್ಟಾದರೂ ನಡೆಸಿಕೊಟ್ಟ. ಎಂಐಡಿಸಿ ರಸ್ತೆಯ ಗುಂಡಿಗಳಲ್ಲಿ ರಿಕ್ಷಾ ಹಾರಿದಾಗಲೆಲ್ಲ ಅವರ ತಲೆಯನ್ನು ನನ್ನ ಭುಜಕ್ಕೆ ಒತ್ತಿ ಹಿಡಿಯುತ್ತಿದ್ದೆ. ವಿಷ್ಣುಸಹಸ್ರನಾಮ ಶುರು ಮಾಡಿದರೆ ನಾಲಗೆ ಓಡಲಿಲ್ಲ. "ಕೃಷ್ಣ, ಕೃಷ್ಣ" ಎಂದಷ್ಟೇ ಹೇಳಿಕೊಂಡೆ.

ನರ್ಸಿಂಗ್ ಹೋಮಿನ ಡಾಕ್ಟರು ಮರಾಠಿಯವರು, ಸಣ್ಣ ವಯಸ್ಸು. ನಾಡಿ ಹಿಡಿದುಕೊಂಡೇ, "ಕಾಕಾ, ಖರಂ ಸಾಂಗಾ. ದಾರೂ ಘೇತಾ ಕಾ?" ಎಂದು ಕೇಳಿದರು. ಕುಡಿಯುತ್ತೀರಾ, ನಿಜ ಹೇಳಿ ಎಂದು.

ರಕ್ತ ಹೋದದ್ದಕ್ಕಿಂತ ಆ ಮಾತೇ ಇವರನ್ನು ಹೆಚ್ಚು ನೋಯಿಸಿತು. ದನಿ ಜೋರಾಗಿ ಬಾರದಿದ್ದರೂ ನನ್ನ ಕಡೆ ತಿರುಗಿ, "ನೀರುಳ್ಳಿ ಸಹ ಮುಟ್ಟದವ ನಾನು! ಹೇಳು ಇವರಿಗೆ," ಎಂದರು. ನಾನು ನನ್ನ ಮುರುಕು ಮರಾಠಿಯಲ್ಲಿ ಏಕಾದಶಿ, ಪಾರಣೆ, ವಾಂತಿ ಎಲ್ಲ ಹೇಳಿದೆ. ಡಾಕ್ಟರು ಹಣೆ ಚಚ್ಚಿಕೊಂಡು, "ನಮ್ಮ ಅಜ್ಜಿಯೂ ಹೀಗೇ," ಎಂದು ನಕ್ಕು, ಸಲೈನ್ ಹಚ್ಚಿಸಿದರು.

ಆಮೇಲೆ ಗಂಟಲೊಳಗೆ ನಳಿಗೆ ಇಳಿಸಿ ನೋಡಲು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಮಗಳು ನನ್ನ ಕೈ ಹಿಡಿದು ಕುಳಿತಳು. ಏನನ್ನೂ ಬೇಡಿಕೊಳ್ಳುವ ಶಕ್ತಿಯೂ ನನಗೆ ಉಳಿದಿರಲಿಲ್ಲ.

ಹೊರಬಂದ ಡಾಕ್ಟರು ಬಿಡಿಸಿ ಹೇಳಿದರು. ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿ, ಓಕರಿಕೆಯ ಒತ್ತಡಕ್ಕೆ ಒಳಪದರ ಹರಿದಿತ್ತು. ಬಿಗಿ ರವಿಕೆ ಕಂಕುಳಲ್ಲಿ ಹರಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ರಕ್ತ ತಾನಾಗಿಯೇ ನಿಲ್ಲುತ್ತಾ ಬಂದಿದೆ, ಹರಿದದ್ದು ಕೂಡಿಕೊಳ್ಳುತ್ತದೆ. ಆದರೆ ಮತ್ತೆ ಆ ಥರ ಓಕರಿಕೆ ಬರಕೂಡದು, ಬರಿಹೊಟ್ಟೆಯಲ್ಲಿ ಇರಲೇಬಾರದು ಎಂದರು.

ಮನೆಗೆ ಬಂದ ಮೇಲೆ ಮುಂದಿನ ಏಕಾದಶಿ ಬಂತು. ಇವರು ಸ್ನಾನ ಮುಗಿಸಿ ದೇವರ ಮುಂದೆ ಕುಳಿತಿದ್ದರು. ನಾನು ಹಾಲು, ನೆನೆಸಿದ ಅವಲಕ್ಕಿ ತಂದಿಟ್ಟೆ.

"ಇಷ್ಟು ವರ್ಷದ್ದು ಹೋಯ್ತಲ್ಲ," ಎಂದರು.

"ಹೋಗಲಿ. ನೀವು ಇದ್ದೀರಲ್ಲ. ಮನೆಗೊಬ್ಬಳು ಉಪವಾಸ ಮಾಡಿದ್ರೆ ಸಾಕು, ನಾನು ಮಾಡ್ತೇನೆ. ಕುಡೀರಿ."

ದೇವರಿಗೆ ಬೆನ್ನು ಹಾಕಿ, ಕದ್ದು ಕುಡಿಯುವವರ ಹಾಗೆ ಗುಟುಕು ಗುಟುಕಾಗಿ ಕುಡಿದರು. ಲೋಟ ಖಾಲಿಯಾದ ಮೇಲೂ ನಾನು ಬಾಗಿಲಿಗೆ ಒರಗಿ ಅವರ ಗಂಟಲನ್ನೇ ನೋಡುತ್ತ ನಿಂತಿದ್ದೆ. ಏನೂ ಮೇಲೆ ಬರಲಿಲ್ಲ. ಧೈರ್ಯವಾಗಿ, ಉಪವಾಸದ ಹೊಟ್ಟೆಯಲ್ಲೇ ಹೋಗಿ ಸ್ವಲ್ಪ ಹೊತ್ತು ಮಲಗಿದೆ.