ಹೂವಿನ ಬೆನ್ನು ನೋಡುವ ನರ್ಸಕ್ಕ

ಊರಂಚಿನ ಕಾಡಿನಲ್ಲಿ ಯಾರಾದರೂ ಹಳದಿ ಹೂ ಕಂಡು "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದರೆ ಸಾಕು, ನರ್ಸಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ಮುಖ ನೋಡಿ ಮಣೆ ಹಾಕ್ಬೇಡಿ. ತಿರುಗಿಸಿ ಬೆನ್ನು ನೋಡಿ!" ಎಂದು ಗದರುತ್ತಿದ್ದಳು. ಆಸ್ಪತ್ರೆಯ ವಾರ್ಡುಗಳಲ್ಲಿ ಜನ್ಮ ಸವೆಸಿದವಳು, ನಿವೃತ್ತಳಾದ ಮೇಲೆ ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು ಕಾಡಿಗೆ ಇಳಿದಿದ್ದಳು. ರೋಗಿಗಳನ್ನೇ ಬೆದರಿಸಿದ ಗಂಟಲು, ಗಿಡಗಳನ್ನು ಬಿಟ್ಟೀತೇ?

ಅಲ್ಲಿದ್ದದ್ದು ಎರಡು ಬಗೆಯ ಹಳದಿ ಹೂ. ಒಂದು ಆ ಕಾಡಿನ ಸ್ವಂತದ್ದು, ಬೇರೆಲ್ಲೂ ಸಿಗದ್ದು. ಇನ್ನೊಂದು ಯಾರದೋ ತೋಟದ ಬೇಲಿ ಹಾರಿ ಬಂದ ಕಳೆ. ಎರಡಕ್ಕೂ ಐದೇ ಎಸಳು, ಅದೇ ಮಿರುಗು, ಅದೇ ಗರಗಸದ ಅಂಚಿನ ಎಲೆ. ಹೂವಿನ ಕೆಳಗಿನ ಪುಟ್ಟ ಹಸಿರೆಸಳುಗಳು ದಂಟಿನ ಕಡೆ ಮಡಚಿಕೊಂಡಿದ್ದರೆ ಅದು ಕಾಡಿನ ಹೂ. ಹೂವನ್ನು ಅಪ್ಪಿ ಹಿಡಿದಿದ್ದರೆ ಕಳೆ. ಕಳೆಯನ್ನು ಬುಡಸಮೇತ ಕಿತ್ತು, ಮತ್ತೆ ಚಿಗುರದಂತೆ ಗಡ್ಡೆ ಸೀಳಬೇಕು. ಇದನ್ನೆಲ್ಲ ಅವಳು ಊರವರ ಒಂದು ಗುಂಪಿಗೇ ಕಲಿಸಿದ್ದಳು.

ಪ್ರತಿವರ್ಷ ಮಧ್ಯಾಹ್ನದ ಊಟ ಮುಗಿಸಿ ಕಳೆ ಕೀಳುವುದು ರೂಢಿ. ಈ ಸಲ ಬಿಸಿಲು ತಡೆಯಲಾಗದೆ ನಸುಕಿಗೇ ಹೊರಟರು. ನೋಡಿದರೆ ಎಲ್ಲೆಲ್ಲೂ ಕಳೆಯೇ! ಕಾಡಿನ ಹೂ ಒಂದೂ ಇಲ್ಲ. ನರ್ಸಕ್ಕ "ಹಾಳಾದ್ದು, ನಮ್ಮ ಹೂವನ್ನ ನುಂಗಿ ನೀರು ಕುಡಿದಿದೆ. ಒಂದನ್ನೂ ಬಿಡ್ಬೇಡಿ!" ಎಂದಳು. ಗುಂಪು ದಿನಾ ಬೆಳಿಗ್ಗೆ ಕಿತ್ತಿತು, ಸೀಳಿತು, ಸುಟ್ಟಿತು. ಕೊನೆಗೆ ಉಳಿದದ್ದು ಬಂಡೆಯ ಮಗ್ಗುಲಿನ ಒಂದು ತುಣುಕು ಜಾಗ. ಅಲ್ಲಿನ ಗಿಡಗಳಿಗೆಲ್ಲ ಗುರುತಿಗೆ ಕೆಂಪು ದಾರ ಕಟ್ಟಿ, ಮಂಡಿನೋವೆಂದು ಮನೆಗೆ ಬಂದಳು. ಟಪಾಲು ಹಂಚಿ ಬರುವ ಅಂಚೆಯಣ್ಣ ಮಧ್ಯಾಹ್ನ ಅವನ್ನು ಮುಗಿಸುವುದೆಂದು ಮಾತಾಗಿತ್ತು. ಶಿಷ್ಯರಲ್ಲೆಲ್ಲ ಅವನೇ ಶ್ರದ್ಧೆಯವನು.

ಬರುವಾಗ ಅಲ್ಲಿನ ಒಂದೆರಡು ಹೂ ಕೈಯಲ್ಲಿದ್ದವು. ಸೊಸೆ ಅವನ್ನು ಲೋಟದ ನೀರಿಗೆ ಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟಳು. ಬಿಸಿಲು ಏರಿತು, ಮಧ್ಯಾಹ್ನ ದಾಟಿತು.

"ಅತ್ತೆ, ಬನ್ನಿ ಇಲ್ಲಿ. ಕಳೆ ಅಂದ್ರಲ್ಲ, ಇದು ಹಿಂದಕ್ಕೆ ಮಡಚ್ಕೊಂಡಿದೆಯಲ್ಲ?"

"ನಿಂಗೇನು ಗೊತ್ತಾಗುತ್ತೆ, ತಾ ಇಲ್ಲಿ," ಎಂದು ಭೂತಗನ್ನಡಿ ಹಿಡಿದಳು. ಹಸಿರೆಸಳುಗಳು ಒಂದೂ ಬಿಡದೆ ದಂಟಿನ ಕಡೆಗೆ ಬಾಗಿದ್ದವು. ಬಿಸಿಲು ತಾಗುವವರೆಗೆ ಇದೂ ಕಳೆಯ ಹಾಗೇ ಅಪ್ಪಿಕೊಂಡಿರುತ್ತದೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಈ ವರ್ಷದವರೆಗೆ ನಸುಕಿನಲ್ಲಿ ಅವಳು ಅದರ ಬೆನ್ನು ನೋಡಿದವಳೇ ಅಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಅಯ್ಯೋ ದೇವರೇ, ಬಂಡೆ ಹತ್ರದ್ದು!" ಎಂದವಳೇ ಮಂಡಿನೋವನ್ನೂ ಮರೆತು, ಒಲೆಯ ಮೇಲಿನ ಹಾಲನ್ನೂ ಮರೆತು ಓಡಿದಳು.

ಅಂಚೆಯಣ್ಣ ಬುಟ್ಟಿಯ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. "ಮುಗೀತು ಅಕ್ಕ! ಒಂದೂ ಬಿಟ್ಟಿಲ್ಲ."

"ತಿರುಗಿಸಿ ನೋಡಿದ್ಯಾ?" ಎಂದಳು.

"ನೋಡ್ದೆ ಇರ್ತೀನಾ? ಎಲ್ಲಾ ಮಡಚ್ಕೊಂಡಿದ್ವು. ಒಂದು ಗಳಿಗೆ ಕೈ ತಡೀತು. ಆದ್ರೆ ದಾರ ಕಟ್ಟಿದ್ದು ನೀವು. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡು ಕಿತ್ತೆ."

"ಗಡ್ಡೆ?"

"ಸೀಳಿದೀನಿ ಅಕ್ಕ, ನೀವು ಹೇಳ್ಕೊಟ್ಟ ಹಾಗೇ."

ನರ್ಸಕ್ಕ ಅಗೆದ ಮಣ್ಣಿನ ಮೇಲೇ ಕುಸಿದು ಕೂತಳು. ಬುಟ್ಟಿಯೊಳಗೆ ಕೈಯಾಡಿಸಿದಳು, ಸೀಳದ ಗಡ್ಡೆ ಒಂದೂ ಸಿಗಲಿಲ್ಲ. ಅವನದು ಅಷ್ಟು ಅಚ್ಚುಕಟ್ಟಿನ ಕೆಲಸ.

"ನಿನ್ನ ಕಣ್ಣು ಸರಿಯಾಗೇ ಇತ್ತು ಕಣಪ್ಪ," ಎಂದಳು.

ಅಕ್ಕನ ಬಾಯಿಂದ ಹೊಗಳಿಕೆ ಬಂದದ್ದು ಅದೇ ಮೊದಲು. ಅಂಚೆಯಣ್ಣನ ಮುಖ ಅರಳಿತು.