ಕೆಸರಿನ ಗ್ಯಾನಮ್ಮ

ಕಾಲುವೆ ನೀರು ಬಂದ ಮೇಲೆ ವಳಕಮದಿನ್ನಿಯ ಹೆಂಗಸರಿಗೆ ಕೂಲಿಗೇನೂ ಬರವಿರಲಿಲ್ಲ, ಕೂಸುಗಳನ್ನು ಎಲ್ಲಿ ಬಿಡುವುದೆಂಬುದೇ ಚಿಂತೆ. ನಾಟಿಗೆ ಬಗ್ಗಿದವರು ತಲೆ ಎತ್ತುವಷ್ಟರಲ್ಲಿ ಮಗು ನೀರಿನ ಕಡೆ ಹೋಗಿರುತ್ತಿತ್ತು. ಅದಕ್ಕೇ ಗ್ಯಾನಮ್ಮ ಬೇವಿನ ಗಿಡದ ಕೆಳಗೆ ಊರ ಮಕ್ಕಳನ್ನೆಲ್ಲ ಕಟ್ಟಿಕೊಂಡು ಕೂರುತ್ತಿದ್ದಳು. ಸೊಂಟ ಬಿದ್ದ ಮುದುಕಿ, ಓಡಿ ಹಿಡಿಯುವ ಶಕ್ತಿ ಎಲ್ಲಿಯದು? ಒಂದು ಗುಡ್ಡೆ ಕೆಸರು ಮುಂದೆ ಹಾಕಿದರೆ ಮಕ್ಕಳು ಎದ್ದು ಹೋಗುವುದಿಲ್ಲ ಎಂಬುದೇ ಆಕೆ ಕಂಡುಕೊಂಡ ಉಪಾಯ. ಆ ಆಟ ನೋಡುತ್ತಲೇ ಯಾವ ಮನೆಯಲ್ಲಿ ಹೊಡೆತ ಬಡಿತ, ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದೆಲ್ಲ ಆಕೆಗೆ ತಿಳಿದುಬಿಡುತ್ತಿತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ಮೊದಲೇ ಅಂಜುಬುರುಕಿ.

ಆದೆಪ್ಪನ ಮಗಳು ಯಮನಮ್ಮ ಹಿಂದಿನ ಬೆಳೆಯ ಹೊತ್ತಿನಿಂದ ಮಾತು ಬಿಟ್ಟಿದ್ದಳು. ಅಪ್ಪ ಗದ್ದೆಗೆ ನೀರು ಕಟ್ಟುವಾಗ ತಮ್ಮ ಮಾಳಿಂಗ ಆಕೆಯ ಕಣ್ಣೆದುರೇ ಕಾಲುವೆಗೆ ಬಿದ್ದು ಸತ್ತಿದ್ದ. ಅಂದಿನಿಂದ ಹತ್ತಿರ ಬಂದವರನ್ನು ಕಚ್ಚುವಳು, ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವಳು. ಸತ್ತ ತಮ್ಮನೇ ಮೈಮೇಲೆ ಬಂದಿದ್ದಾನೆಂದು ಊರು ತೀರ್ಮಾನಿಸಿತ್ತು. ಪಾಮನಕಲ್ಲೂರಿನ ಕಡೆಯ ಮಂತ್ರಗಾರನೊಬ್ಬ ಅಮಾವಾಸ್ಯೆಗೆ ಕರೆತರಲು ಹೇಳಿದ್ದ. ಕಾದ ಕುಡುಗೋಲಿನಿಂದ ನಾಲಿಗೆಗೆ ಬರೆ ಎಳೆದರೆ ದೆವ್ವ ತಾನಾಗಿ ಬಾಯಿ ಬಿಡುತ್ತದಂತೆ.

ಬರೆ ಎಂದರೇನೆಂದು ಗ್ಯಾನಮ್ಮನ ಬೆನ್ನಿಗೆ ಗೊತ್ತಿತ್ತು. ಸಣ್ಣವಳಿದ್ದಾಗ ನಿದ್ದೆಯಲ್ಲಿ ಚೀರುತ್ತಾಳೆಂದು ಅವಳಿಗೂ ಎಳೆದಿದ್ದರು. ಚೀರುವುದು ನಿಂತಿತು, ಹೆದರಿಕೆ ಮಾತ್ರ ಮುದುಕಿಯಾದರೂ ಹೋಗಲಿಲ್ಲ. ಬೇಡವೆಂದು ಆದೆಪ್ಪನಿಗೆ ಹೇಳಬೇಕೆಂದು ದಿನವೂ ಅಂದುಕೊಳ್ಳುವಳು, ಅವನ ಮುಖ ಕಂಡೊಡನೆ ಮಕ್ಕಳ ಕಡೆ ತಿರುಗಿ ಕೆಸರು ಕಲಸತೊಡಗುವಳು.

ಅಮಾವಾಸ್ಯೆಯ ಹಿಂದಿನ ದಿನ ಆಷಾಢದ ಕಡೆಯ ಮಂಗಳವಾರ. ಹುಡುಗಿಯರು ಕೆಸರಿನಲ್ಲಿ ಮಣ್ಣಿನ ದೇವಿ ಗುಳ್ಳವ್ವನ ಗೊಂಬೆ ಮಾಡಿ ಗುಲಗಂಜಿಯ ಕಣ್ಣಿಡುತ್ತಿದ್ದರು. ಯಮನಮ್ಮ ಒಬ್ಬಳೇ ದೂರ ಕೂತು ಬೆರಳಿನಿಂದ ಒಂದು ಕಾಲುವೆ ಗೀರಿದಳು. ಒಂದು ಸಣ್ಣ ಗೊಂಬೆಯನ್ನು ಅದರೊಳಗೆ ಮಲಗಿಸಿದಳು. ಗದ್ದೆಗೆ ನೀರು ಬಿಡುವ ತೂಬಿನ ಜಾಗದಲ್ಲಿ ದೊಡ್ಡ ಗೊಂಬೆಯೊಂದನ್ನು ಬೆನ್ನು ತಿರುಗಿಸಿ ನಿಲ್ಲಿಸಿದಳು. ದಂಡೆಯ ಮೇಲೆ ಇನ್ನೊಂದು ಹುಡುಗಿಗೊಂಬೆ; ಅದರ ಬಾಯಿ ಕೊರೆದು ಒಳಗೆ ಕೆಸರು ತುರುಕಿದಳು, ತೆಗೆದಳು, ಮತ್ತೆ ತುರುಕಿದಳು.

ನಾಟಿ ಗದ್ದೆಯಿಂದ ಬುತ್ತಿ ಒಯ್ಯಲು ಬಂದ ಕೂಲಿಯ ಶೇಖರಮ್ಮ ಇದನ್ನು ಕಂಡು ಬುತ್ತಿ ಬಿಟ್ಟು ಹಿಂದೆ ಸರಿದಳು. ಬಾಯಿ ಕಟ್ಟುವ ಮಾಟವಿದು, ಮುದುಕಿಯೇ ಕಲಿಸಿದ್ದಾಳೆ ಎಂದು ಗುಲ್ಲೆಬ್ಬಿಸಿದಳು. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎಳೆದುಕೊಂಡು ಹೋದರು. ಮಗಳನ್ನು ಮಂತ್ರಗಾರನ ಹತ್ತಿರ ಒಯ್ಯಲು ಬಂಡಿ ಹೂಡಿಕೊಂಡು ಬಂದ ಆದೆಪ್ಪನ ಕಿವಿಗೂ ಅದು ಬಿತ್ತು. ಅವನು ಬಾರುಕೋಲು ಹಿಡಿದೇ ಇಳಿದ.

ಮಾಟಗಾತಿ ಎನಿಸಿಕೊಂಡವರ ಗತಿ ಏನೆಂದು ಗ್ಯಾನಮ್ಮ ಕಂಡಿದ್ದಳು. ಎದ್ದು ಮನೆಗೆ ಹೋಗಿ ಅಗಳಿ ಹಾಕಿಕೊಂಡಿದ್ದರೆ ತಾನು ಉಳಿಯುತ್ತಿದ್ದಳು. ಹುಡುಗಿಯ ನಾಲಿಗೆ ಉಳಿಯುತ್ತಿರಲಿಲ್ಲ.

"ಒಂದು ಗಳಿಗಿ ಕುಂದ್ರಪ್ಪಾ," ಎಂದಳು, "ಆಮ್ಯಾಲೆ ನನ್ನ ಬೇಕಾದ್ದು ಮಾಡು." ಅವನು ಕೂರಲಿಲ್ಲ, ಮುಂದೆಯೂ ಬರಲಿಲ್ಲ. ಮುದುಕಿ ಕೆಸರಿನಲ್ಲೇ ತೆವಳಿ ಹುಡುಗಿಯ ಪಕ್ಕ ಕೂತು, ಗೊಂಬೆಯ ಬಾಯಿ ತೋರಿಸಿದಳು.

"ಇಕಿ ಬಾಯಾಗ ಮಣ್ಣು ತುಂಬಿದವರು ಯಾರವ್ವ?"

ಯಮನಮ್ಮ ಅಪ್ಪನ ಕಡೆ ನೋಡಲಿಲ್ಲ. ತೂಬಿನ ಮೇಲಿನ ದೊಡ್ಡ ಗೊಂಬೆಯನ್ನು ಬೆರಳಿನಿಂದ ಮುಟ್ಟಿದಳು.

ಆದೆಪ್ಪನ ಕೈಯಿಂದ ಬಾರುಕೋಲು ಜಾರಿತು. ಮಾಳಿಂಗ ಕಾಲುವೆಗೆ ಬಿದ್ದ ದಿನ ಅವನು ನೀರಿನ ಪಾಳಿಗಾಗಿ ಆಚೆ ಹೊಲದವನೊಂದಿಗೆ ಜಗಳಕ್ಕೆ ನಿಂತಿದ್ದ. ಹಿಂದಿನಿಂದ ಮಗಳು ಅಪ್ಪಾ, ಅಪ್ಪಾ ಎಂದು ಒದರುತ್ತಿದ್ದಳು. ತಿರುಗಿಯೂ ನೋಡದೆ, ಬಾಯಿ ಮುಚ್ಚು ಎಂದು ಗದರಿಸಿದ್ದ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅಪ್ಪ ಹೇಳಿದ ಮಾತನ್ನು ಮಗಳು ಇಂದಿನವರೆಗೂ ನಡೆಸಿಕೊಂಡು ಬಂದಿದ್ದಳು.

ಅವನು ಕೆಸರಿಗೆ ಕುಸಿದ. ಗೊಂಬೆ ಎತ್ತಿಕೊಂಡು ಕಿರುಬೆರಳಿನಿಂದ ಅದರ ಬಾಯಿಯ ಮಣ್ಣನ್ನು ಮೆಲ್ಲಗೆ ತೆಗೆದ.

"ಒದರು ನನ್ನವ್ವ. ನಾ ಕೇಳಾಕತ್ತೀನಿ."

ಯಮನಮ್ಮ ಬರಿದಾದ ಗೊಂಬೆಯ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹುಡುಗಿ ಬಾಯಿ ತೆರೆದಳು. ಆ ಕೂಗಿಗೆ ಬಂಡಿಯ ಎತ್ತುಗಳು ಬೆದರಿ ನೊಗ ಕೊಡವಿದವು, ಗದ್ದೆಯಲ್ಲಿದ್ದ ಹೆಂಗಸರು ಸಸಿ ಬಿಟ್ಟು ಯಾರ ಮಗು ಬಿತ್ತೋ ಎಂದು ಕಾಲುವೆಯ ಕಡೆ ಓಡಿದರು. ಅಪ್ಪಾ, ಅಪ್ಪಾ ಎಂಬುದು ನಿಲ್ಲಲೇ ಇಲ್ಲ. ಆದೆಪ್ಪ ಅವಳನ್ನು ಎದೆಗೆ ಅವಚಿಕೊಂಡು ಪ್ರತಿ ಕೂಗಿಗೂ ಒಂದೇ ಮಾತು ಹೇಳುತ್ತಿದ್ದ.

"ಬಂದೀನಿ ನನ್ನವ್ವ, ಬಂದೀನಿ."