ತೂಬಿನ ಹಲಗೆ

ಅತ್ತೆಯ ಮೊಣಕಾಲು ಕೈಕೊಟ್ಟ ವರ್ಷ ಜೌಗಿನ ತೂಬು ಸೊಸೆಯ ಪಾಲಿಗೆ ಬಂತು. ಅಲ್ಲಿಂದ ಊರಿಗೆಲ್ಲ ಅವಳು ತೂಬಿನಕ್ಕ. ಮಳೆ ಹೆಚ್ಚಾದರೆ ಹಲಗೆ ಎತ್ತಬೇಕು. ಕಡಿಮೆಯಾದರೆ ಇಳಿಸಿ, ಸಂದಿಗೆ ಹಳೇ ಸೀರೆಯ ಚೂರು ತುರುಕಬೇಕು. ಜೌಗಿನಲ್ಲಿ ಸಿಹಿನೀರು ನಿಂತಿದ್ದರಷ್ಟೇ ಸಮುದ್ರದ ಉಪ್ಪು ಊರ ಬಾವಿಗಳಿಗೆ ನುಗ್ಗದು. ಈಚೆಗೆ ಸಮುದ್ರ ವರ್ಷವರ್ಷವೂ ಮೇಲೇರುತ್ತಿತ್ತು, ಮಳೆ ಮಾತ್ರ ಮನಸ್ಸು ಬಂದಾಗ ಬರುತ್ತಿತ್ತು. ಕೆಳಗಿನ ಬೀದಿಯ ಬಾವಿ ಆಗಲೇ ಉಪ್ಪಾಗಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ, ಜೌಗಿನ ಮೇಲೆ ಕಣ್ಣಿಟ್ಟಿದ್ದ ಪಕ್ಕದ ಕಾರ್ಖಾನೆಯ ಮೇಸ್ತ್ರಿ ಬಂದ.

"ಅಕ್ಕ, ಮುಂದಿನ ವಾರ ಸರ್ಕಾರದೋರು ಜಾಗ ನೋಡೋಕೆ ಬರ್ತಾರೆ. ನೀರೆಲ್ಲ ಬಿಟ್ಬಿಡು. ಒಣಗಿದ್ರೆ ಬಂಜರು ಅಂತ ಬರ್ಕೋತಾರೆ, ಜಾಗ ಕಾರ್ಖಾನೆಗೆ ಸಿಗೋದು ಸಲೀಸು." ನಕ್ಕು ಸೇರಿಸಿದ: "ನಿನ್ನ ಗಂಡ ನಮ್ಮಲ್ಲೇ ಅಲ್ವಾ ಲಾರಿ ತುಂಬೋದು?"

"ಹಲಗೆ ನೀರು ಕುಡಿದು ಉಬ್ಬಿದೆ ಅಣ್ಣ, ಅಲ್ಲಾಡ್ತಾ ಇಲ್ಲ" ಎಂದಳು. ಬಾಯಿಗೆ ಬಂದ ಸುಳ್ಳು.

"ಸಂಜೆ ನಾನೇ ಬಂದು ಅಲ್ಲಾಡಿಸ್ತೀನಿ ಬಿಡು."

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ವಿಷಯ ಹೇಳಿದರೆ ಅವನು ಕೆಂಡವಾದ. "ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಲ್ಲೇ!"

"ಆ ಅನ್ನ ಬೆಂದಿದ್ದು ಯಾವ ನೀರಲ್ಲೋ?" ಎಂದಳು ಮೂಲೆಯಿಂದ ಅತ್ತೆ.

ಅವನು ತಟ್ಟೆ ತಳ್ಳಿ ಎದ್ದುಹೋದ.

ಸಂಜೆ ಮೇಸ್ತ್ರಿ ಹಾರೆ ಹಿಡಿದೇ ಬಂದ. ಹಲಗೆ ಒಂದೇ ಕೈಗೆ ಏಳುವಷ್ಟು ಸಡಿಲವಿದೆಯೆಂದು ಅವಳಿಗೆ ಗೊತ್ತು. ಕಣ್ಣು ಮುಚ್ಚಿದಳು. ಅವನು ಹಾರೆ ಕೊಟ್ಟು ಮೀಟಿದ. ಹಲಗೆ ಮಿಸುಕಲಿಲ್ಲ. ಮತ್ತೆ ಮೀಟುವಾಗ ಕಾಲು ಜಾರಿ ಮೊಣಕಾಲವರೆಗೆ ಕೆಸರಿಗಿಳಿದ.

ಅವಳು ಬೆರಗಾಗಿ ಬಗ್ಗಿ ನೋಡಿದಳು. ನೀರಿನೊಳಗೆ, ಹಲಗೆಯ ಎರಡೂ ಬದಿಗೆ, ಜಡಿದ ಬೆಣೆಗಳು. ಲಾರಿಯ ಚಕ್ರಕ್ಕೆ ಕೊಡುವ ಬೆಣೆಗಳು, ತಲೆಗೆ ಕಾರ್ಖಾನೆಯ ಕೆಂಪು ಬಣ್ಣ. ಗಂಡ ಯಾವಾಗ ಬಂದಿದ್ದ?

ಅಷ್ಟರಲ್ಲಿ ಮೇಸ್ತ್ರಿ ಕಾಲು ತೊಳೆಯಲು ಅಲ್ಲಿಗೇ ಬಗ್ಗಿದ.

"ಅಯ್ಯೋ, ಅಲ್ಲಿ ಪಾಚಿ ಅಣ್ಣ! ಸೊಂಟ ಮುರ್ಕೋತೀಯ!" ಎನ್ನುತ್ತ ಅವಳೇ ನೀರಿಗಿಳಿದು ಅಡ್ಡ ನಿಂತಳು. ಬೊಗಸೆಯಿಂದ ಅವನ ಕಾಲಿಗೆ ನೀರು ಎರಚುತ್ತ, ಕೆಳಗೆ ತನ್ನ ಕಾಲಿನಿಂದ ಕೆಸರು ಕದಡಿದಳು. ಕೆಂಪು ಮರೆಯಾಯಿತು.

"ಬೆಳಿಗ್ಗೆ ಜಾಕು ತರ್ತೀನಿ" ಎಂದು ಅವನು ಬೈಕು ಹತ್ತಿದ.

ಬೈಕಿನ ಸದ್ದು ಅಡಗಿದ ಮೇಲೂ ಅವಳ ಕಾಲು ಕೆಸರು ಕದಡುತ್ತಲೇ ಇತ್ತು. ಬೆಳಗಾಗುವಷ್ಟರಲ್ಲಿ ನೀರು ತಿಳಿಯಾಗುತ್ತದೆ. ಬೆಣೆಯನ್ನು ಈಗಲೇ ಕಿತ್ತರೆ ಗಂಡನ ಕೆಲಸ ಉಳಿಯುತ್ತದೆ, ಜೌಗಿನ ನೀರು ಹೋಗುತ್ತದೆ. ಅವಳು ಬಗ್ಗಿ ಒಂದು ಬೆಣೆಯ ಮೇಲೆ ಕೈಯಿಟ್ಟಳು. ಆದರೆ ಕೀಳಲಿಲ್ಲ.